ಕೋಪನ್‌ಹೇಗನ್ನಿನಲ್ಲಿ ನಾಲ್ಕು ದಿನ

ಮೇ ತಿಂಗಳಲ್ಲಿ ನಾಲ್ಕು ದಿನದ ಮಟ್ಟಿಗೆ ಕೋಪನ್‌ಹೇಗನ್‌ಗೆ ಹೋಗಿಬರೋಣ ಎಂದು ಪ್ರತಿಮಾ ಹೇಳಿದಾಗ ಸಚ್ಚಿದಾನಂದ ಟಿವಿಯ ಸದ್ದು ಕಡಿಮೆ ಮಾಡಿ ಹೆಂಡತಿಯ ಮುಖವನ್ನೇ ನೋಡಿದ. ಮಸ್ಕತ್ತಿನ ಅಲ್ ಅಜೈಬಾದ ಆ ಫ್ಲ್ಯಾಟಿನಲ್ಲಿ ಆ ಊರಿನ ಹೆಸರು ಯಾರ ಬಾಯಲ್ಲೂ ಬರದೆ ವರ್ಷಗಳೇ ಕಳೆದಿದ್ದವು. ಅವರ ಒಬ್ಬಳೇ ಮಗಳು ಮಾಧುರಿ ಇದ್ದದ್ದು ಅಲ್ಲಿ. ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳನ್ನು ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಡೆನ್ಮಾರ್ಕಿಗೆ ಹೋದ ಮೇಲೆ ಒಂದು ವರ್ಷ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಫೋನ್ ಮಾಡಿದ್ದಳು. ಆಮೇಲೆ ಅದೂ ನಿಂತಿತು.

"ಅಕಿ ಕರದಾಳೇನು?" ಎಂದು ಕೇಳಿದ.

"ಇಲ್ಲ. ನಾವ ಹೋಗೂದು. ಎಲ್ಲಾರೂ ಬಾಕು, ಜಾರ್ಜಿಯಾ ಅಂತ ಅಡ್ಡಾಡಿ ಬರತಾರಲ್ಲ, ಹಂಗ. ಊರು ನೋಡಿ ಬರೂದು."

ಊರು ನೋಡುವುದು ಎಂದರೇನು ಎಂಬುದು ಅವನಿಗೂ ತಿಳಿಯಿತು. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಅಷ್ಟು ತಿಳಿಯದೆ ಇರುತ್ತದೆಯೇ. ರಜೆ ಕೇಳಿ ನೋಡುತ್ತೇನೆ ಎಂದ.

ಪ್ರತಿಮಾ ಈ ಯೋಚನೆಯನ್ನು ಬಹಳ ದಿನಗಳಿಂದ ಒಳಗೇ ಸಾಕಿಕೊಂಡಿದ್ದಳು. ಪುಣೆಯಲ್ಲಿದ್ದ ತಂಗಿಯ ಮಗಳಿಗೆ ಮಾಧುರಿ ಕಳಿಸಿದ್ದ ಒಂದು ಫೋಟೋ ಹೇಗೋ ಅವಳ ಕೈಗೂ ಬಂದಿತ್ತು. ಅದರಲ್ಲಿ ಮಗಳು ಬಾಲ್ಕನಿಯಲ್ಲಿ ನಿಂತಿದ್ದಳು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ಹಿಂದೆ ಒಂದು ಕಾಲುವೆ, ಕಾಲುವೆಯ ಆಚೆ ಒಂದು ಬೇಕರಿಯ ಬೋರ್ಡು. ಆ ಬೋರ್ಡಿನ ಅಕ್ಷರಗಳನ್ನು ಒಂದೊಂದಾಗಿ ಫೋನಿಗೆ ಹಾಕಿ ಹುಡುಕಿ ಪ್ರತಿಮಾ ಆ ಬೀದಿಯನ್ನು ಪತ್ತೆ ಮಾಡಿದ್ದಳು. ಗಂಡ ಆಫೀಸಿಗೆ ಹೋದ ಮೇಲೆ ಫೋನಿನ ನಕಾಶೆಯಲ್ಲಿ ಆ ಬೀದಿಗೆ ಇಳಿದು, ಬೆರಳಿನಿಂದ ಮುಂದೆ ಮುಂದೆ ತಳ್ಳುತ್ತ ನಡೆಯುತ್ತಿದ್ದಳು. ಕೆಂಪು ಇಟ್ಟಿಗೆಯ ಮನೆಗಳು, ಗೋಡೆಗೆ ಒರಗಿಸಿಟ್ಟ ಸೈಕಲ್ಲುಗಳು. ಅಲ್ಲಲ್ಲಿ ಜನರೂ ಇದ್ದರು, ಆದರೆ ಗುರುತು ಸಿಗಬಾರದೆಂದು ಎಲ್ಲರ ಮುಖವನ್ನೂ ಮಸುಕು ಮಾಡಿದ್ದರು. ಸೈಕಲ್ ಹಿಡಿದು ನಿಂತ ಒಬ್ಬ ಗಿಡ್ಡ ಕೂದಲಿನ ಹುಡುಗಿಯನ್ನು ಅವಳು ಎಷ್ಟೋ ಸಲ ದೊಡ್ಡದು ಮಾಡಿ ನೋಡಿದ್ದಳು. ದೊಡ್ಡದು ಮಾಡಿದಷ್ಟೂ ಆ ಮುಖ ಇನ್ನಷ್ಟು ಕಲಸಿಹೋಗುತ್ತಿತ್ತು.

ಮಸ್ಕತ್ತಿನದೇ ರೂವಿ ಪೇಟೆಯಲ್ಲಿ ಟ್ರಾವೆಲ್ಸ್ ಅಂಗಡಿ ಇಟ್ಟುಕೊಂಡಿದ್ದ ಉಳ್ಳಾಲದ ಜಲಾಲ್ ಅವರಿಗೆ ಹಳೆಯ ಪರಿಚಯ. ಊರಿಗೆ ಹೋಗುವ ಟಿಕೆಟ್ಟುಗಳೆಲ್ಲ ಅವನ ಹತ್ತಿರವೇ. ಪ್ರತಿಮಾ ಹೋಗಿ ಕೂತು ವಿಷಯ ಹೇಳಿದಾಗ ಅವನಿಗೆ ಖುಷಿಯಾಯಿತು.

"ನಿಮ್ಮ ಮಗಳು ಅಲ್ಲೇ ಇದ್ದಾಳಲ್ಲ ಅಕ್ಕ. ಒಂದು ಇನ್ವಿಟೇಶನ್ ಕಳಿಸ್ಲಿಕ್ಕೆ ಹೇಳಿ. ವೀಸಾ ಸುಲಭ ಆಗ್ತದೆ, ಹೋಟೆಲಿನ ರಗಳೆಯೂ ಇಲ್ಲ."

ಅವಳ ಮನೆ ಸಣ್ಣದು, ತೊಂದರೆ ಕೊಡುವುದು ಬೇಡ, ಹೋಟೆಲೇ ಇರಲಿ ಎಂದಳು ಪ್ರತಿಮಾ. ಯಾವ ಹೋಟೆಲು ಎಂಬುದನ್ನೂ ಅವಳೇ ಹೇಳಿದಳು. ಜಲಾಲ್ ಕಂಪ್ಯೂಟರಿನಲ್ಲಿ ನೋಡಿ, ಇದು ಟೂರಿಸ್ಟುಗಳು ಉಳಿಯುವ ಕಡೆ ಅಲ್ಲ, ರೈಲ್ವೆ ಸ್ಟೇಷನ್ ಹತ್ತಿರ ಮಾಡಿದರೆ ಎಲ್ಲ ನಡೆದೇ ನೋಡಬಹುದು ಎಂದು ತಿಳಿಹೇಳಿದ. ಅವಳು ಒಪ್ಪಲಿಲ್ಲ. ವೀಸಾದವರಿಗೆ ದಿನಕ್ಕೊಂದರಂತೆ ಕಾರ್ಯಕ್ರಮ ತೋರಿಸಬೇಕು, ಏನೇನು ನೋಡಬೇಕೆಂದಿದ್ದೀರಿ ಎಂದು ಕೇಳಿದ. ಅವಳಿಗೆ ತಕ್ಷಣ ಏನೂ ಹೊಳೆಯಲಿಲ್ಲ. ಆ ಊರಿನಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ ಬೀದಿ. ಕೊನೆಗೆ ಜಲಾಲನೇ ದೋಣಿ ಸವಾರಿ, ಅರಮನೆ, ಬಂಡೆಯ ಮೇಲೆ ಕೂತ ಮತ್ಸ್ಯಕನ್ಯೆಯ ಮೂರ್ತಿ, ದೊಡ್ಡ ತೋಟ ಎಂದು ಒಂದೊಂದೇ ಬರೆದುಕೊಂಡ. ಅವಳು ಎಲ್ಲದಕ್ಕೂ ತಲೆಯಾಡಿಸಿದಳು.

ಸುದ್ದಿ ಕಟ್ಟಡದಲ್ಲೆಲ್ಲ ಹರಡಿತು. ಲಿಫ್ಟಿನಲ್ಲಿ ಸಿಕ್ಕ ಹೆಂಗಸರು, ಅಂತೂ ಮಗಳ ಮನೆಗೆ ಹೊರಟಿರಿ ಎಂದರು. ಮೇಲಿನ ಮನೆಯ ಇವ್ಲಿನ್ ಮಾಧುರಿಗೆಂದು ಕುಕ್ಕೀಸ್ ಮಾಡಿಕೊಡುತ್ತೇನೆ ಎಂದಳು. ಪ್ರತಿಮಾ ಎಲ್ಲರಿಗೂ ನಕ್ಕಳು. ಮಗಳು ಮಾತು ಬಿಟ್ಟಿದ್ದಾಳೆಂಬುದು ಮಸ್ಕತ್ತಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದರ ಹಿಂದಿನ ಸಂಗತಿ ಈ ಊರಿನಲ್ಲಿ ಗೊತ್ತಿದ್ದವರು ಮೂವರೇ. ಅವರಿಬ್ಬರು, ಮತ್ತು ಬಾಲಸುಬ್ರಹ್ಮಣ್ಯ.

ಬಾಲಸುಬ್ರಹ್ಮಣ್ಯ ಮೈಸೂರಿನ ಕಡೆಯವರು, ಸಚ್ಚಿದಾನಂದ ಕೆಲಸ ಮಾಡುತ್ತಿದ್ದ ಕಾಂಟ್ರಾಕ್ಟಿಂಗ್ ಕಂಪನಿಯಲ್ಲಿ ದೊಡ್ಡ ಹುದ್ದೆಯವರು. ಬಾಗಲಕೋಟೆಯಿಂದ ಸಚ್ಚಿದಾನಂದನನ್ನು ಇಲ್ಲಿಗೆ ಕರೆಸಿಕೊಂಡವರೇ ಅವರು. ಎರಡು ವರ್ಷಕ್ಕೊಮ್ಮೆ ಇಲ್ಲಿನ ಕೆಲಸದ ವೀಸಾ ಮುಂದುವರಿಯಬೇಕಾದರೆ ಅವರೇ ಹ್ಞೂಂ ಅನ್ನಬೇಕು. ಶುಕ್ರವಾರ ಸಂಜೆ ಹೆಂಡತಿಯನ್ನು ಕರೆದುಕೊಂಡು ಇವರ ಮನೆಗೆ ಬಂದು, ಚಹಾ ಕುಡಿದು, ಊರ ಮಾತು ಆಡಿ ಹೋಗುವುದು ಅವರಿಗೆ ಹಳೆಯ ರೂಢಿ. ಮಾಧುರಿ ಹನ್ನೆರಡನೆಯ ಕ್ಲಾಸಿನಲ್ಲಿದ್ದಾಗ, ಗಣಿತ ನಾನೇ ಹೇಳಿಕೊಡುತ್ತೇನೆ ಕಳಿಸಿ ಎಂದಿದ್ದರು. ಅಲ್ ಖೌದ್‌ನಲ್ಲಿದ್ದ ಅವರ ಮನೆಗೆ ಹುಡುಗಿ ವಾರಕ್ಕೆರಡು ಸಲ ಹೋಗತೊಡಗಿದಳು. ಹೆಂಡತಿ ಆಗ ಊರಿಗೆ ಹೋಗಿದ್ದರು.

ಒಂದು ಸಂಜೆ ಮಾಧುರಿ ಅಡಿಗೆಮನೆಯ ಬಾಗಿಲಲ್ಲಿ ನಿಂತು, ನಾನು ಅಲ್ಲಿಗೆ ಇನ್ನು ಹೋಗುವುದಿಲ್ಲ ಎಂದಳು. ಯಾಕೆ ಎಂದದ್ದಕ್ಕೆ, ಅಂಕಲ್ ಏನು ಮಾಡುತ್ತಾರೆ ಎಂಬುದನ್ನು ಒಂದೇ ಮಾತಿನಲ್ಲಿ ಹೇಳಿದಳು. ಪ್ರತಿಮಾಳ ಕೈಯಲ್ಲಿದ್ದ ಲಟ್ಟಣಿಗೆ ಹಾಗೇ ನಿಂತಿತು. ಗಂಡ ಬಂದ ಮೇಲೆ ಅವನಿಗೂ ಹೇಳಿದಳು. ಅವನು ಎರಡು ಕೈಯಲ್ಲಿ ತಲೆ ಹಿಡಿದುಕೊಂಡು ಕೂತ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದ. ಮಗಳಿಗೆ ಜ್ವರ ಎಂದು ಹೇಳಿ ಟ್ಯೂಶನ್ ಬಿಡಿಸಿದರು. ಪರೀಕ್ಷೆ ಮುಗಿಯಿತು, ವೀಸಾ ಮುಂದುವರಿಯಿತು, ಆಮೇಲೆ ಎಂಬುದು ಮಾತ್ರ ಬರಲೇ ಇಲ್ಲ. ಮಾತಾಡಿದರೆ ಹುಡುಗಿಯ ಹೆಸರೇ ಕೆಡುತ್ತದೆ ಎಂದು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಂಡರು. ಹೇಳಿಕೊಳ್ಳುತ್ತ ಹೇಳಿಕೊಳ್ಳುತ್ತ ಅದನ್ನು ನಂಬಿಯೂ ಬಿಟ್ಟರು.

ಬಾಲಸುಬ್ರಹ್ಮಣ್ಯ ಶುಕ್ರವಾರ ಬರುವುದನ್ನು ನಿಲ್ಲಿಸಲಿಲ್ಲ. ಅಂಥ ಒಂದು ಶುಕ್ರವಾರ, ಕೈಯಲ್ಲಿ ಎಣ್ಣೆಯ ಬಾಣಲೆ ಇತ್ತೆಂಬ ಕಾರಣಕ್ಕೆ, ಪ್ರತಿಮಾ ಮಗಳಿಗೆ ಹೇಳಿದ್ದಳು: "ಚಹಾ ಒಯ್ದು ಕೊಡವಾ." ಮಾಧುರಿ ತಾಯಿಯ ಮುಖ ನೋಡಿದಳು. ಆಮೇಲೆ ತಟ್ಟೆ ಎತ್ತಿಕೊಂಡು ಹೋಗಿ ಕೊಟ್ಟು ಬಂದಳು. ಅವತ್ತಿನಿಂದ ಅವಳು ಮನೆಯಲ್ಲಿ ಯಾವುದಕ್ಕೂ ಜಗಳ ಮಾಡಲಿಲ್ಲ. ಯಾವುದನ್ನೂ ಕೇಳಲೂ ಇಲ್ಲ. ಪುಣೆಗೆ ಓದಲು ಹೋದಳು, ಅಲ್ಲಿಂದ ಡೆನ್ಮಾರ್ಕಿಗೆ ಹೋದಳು. ಜನ್ಮಾಂತರದಲ್ಲೂ ಮರೆಯಲಾಗದ ಆ ನೋಟವನ್ನು ತಾಯಿಯ ಹತ್ತಿರವೇ ಬಿಟ್ಟು ಹೋದಳು.

ಡೆನ್ಮಾರ್ಕಿನ ವೀಸಾಕ್ಕೆ ಕಾಗದಗಳನ್ನು ಕೊಟ್ಟು ಬಂದ ದಿನ ಪ್ರತಿಮಾ ಮಗಳಿಗೆ ಮೇಲ್ ಬರೆದಳು. ಬರೆಯಬಾರದೆಂದುಕೊಂಡಿದ್ದಳು. ಸುಮ್ಮನೆ ಹೋಗಿ, ಆ ಬೇಕರಿಯಲ್ಲಿ ಕೂತು, ದೂರದಿಂದ ಒಂದು ಸಲ ಕಣ್ತುಂಬ ನೋಡಿ ಬಂದರೆ ಸಾಕು ಎಂದಿದ್ದಳು. ಆದರೆ ಕಳ್ಳರ ಹಾಗೆ ಮಗಳ ಬೀದಿಯಲ್ಲಿ ಕಾಯುವುದು ಸರಿಯಲ್ಲ ಎನ್ನಿಸಿತು. ನಾವು ಮೇ ತಿಂಗಳಲ್ಲಿ ನಾಲ್ಕು ದಿನ ಬರುತ್ತಿದ್ದೇವೆ, ಹೋಟೆಲಿನಲ್ಲಿ ಇರುತ್ತೇವೆ, ನಿನಗೆ ತೊಂದರೆ ಕೊಡುವುದಿಲ್ಲ, ಮನಸ್ಸಿದ್ದರೆ ಎಲ್ಲಾದರೂ ಅರ್ಧ ಗಂಟೆ ಸಿಗು, ಇಲ್ಲದಿದ್ದರೆ ಬೇಡ. ಇಷ್ಟನ್ನೇ ಬರೆದಳು.

ಉತ್ತರ ಬರುವುದಿಲ್ಲವೆಂದೇ ತಿಳಿದಿದ್ದಳು. ಒಂದು ವಾರದ ಮೇಲೆ ಬಂತು. ಇಂಗ್ಲಿಷಿನಲ್ಲಿ ಒಂದೇ ಸಾಲು: ಅವನು ಈಗಲೂ ಮನೆಗೆ ಬರುತ್ತಾನಾ?

ಸಚ್ಚಿದಾನಂದ ಅದನ್ನು ಓದಿ ಕನ್ನಡಕ ತೆಗೆದಿಟ್ಟ. "ಇಲ್ಲ ಅಂತ ಬರಿ," ಎಂದ. "ಒಂದ ಸುಳ್ಳಿಲೆ ಮಗಳು ಸಿಗತಾಳಂದ್ರ ಏನ ತಪ್ಪು."

"ಹಂಗಾರ ಅದನ್ನ ಖರೇ ಮಾಡ್ರಿ. ಶುಕ್ರವಾರ ಬರಬ್ಯಾಡ್ರಿ ಅಂತ ಹೇಳ್ರಿ ಅವರಿಗೆ."

ರಜೆ ಮಂಜೂರು ಮಾಡಿದವರು ಅವರೇ. ಇಲ್ಲಿನ ಮುಂದಿನ ವೀಸಾಕ್ಕೂ ಅವರ ಕಡೆಯೇ ನೋಡಬೇಕು. ಈ ವಯಸ್ಸಿನಲ್ಲಿ ಬೇರೆ ಕಡೆ ಯಾರು ಕೆಲಸ ಕೊಡುತ್ತಾರೆ. ಇದನ್ನೆಲ್ಲ ಅವನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ, ಅವಳು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದಳು. ಹಾಗಾದರೆ ನಾನೇ ಹೇಳುತ್ತೇನೆ ಎಂದಳು. ಅವನು ಬೇಡ ಎಂದೂ ಅನ್ನಲಿಲ್ಲ.

ಶುಕ್ರವಾರದವರೆಗೂ ಅವಳು ಆ ಮಾತನ್ನು ಮನಸ್ಸಿನಲ್ಲಿ ಉರು ಹೊಡೆದಳು. ಬಾಗಿಲು ಪೂರ್ತಿ ತೆರೆಯಬಾರದು. ಹೊಸ್ತಿಲಲ್ಲಿ ನಿಂತೇ ಹೇಳಬೇಕು: ನೀವು ಇನ್ನು ಮುಂದೆ ಈ ಮನೆಗೆ ಬರಬ್ಯಾಡ್ರಿ. ಕಾರಣ ಕೇಳಿದರೆ, ನಿಮಗೇ ಗೊತ್ತದ ಎನ್ನಬೇಕು. ಅವರ ಹೆಂಡತಿಯ ಮುಂದೆಯೇ ಆಗಲಿ. ಸಂಜೆ ಬೆಲ್ ಆಯಿತು. ಸಚ್ಚಿದಾನಂದ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡ. ಅವಳು ಹೋಗಿ ಬಾಗಿಲು ತೆರೆದಳು. ಎದುರಿಗೆ ಬಿಳಿ ಕೂದಲಿನ, ಸ್ವಲ್ಪ ಬಾಗಿದ ಆ ಮನುಷ್ಯ, ತೋಳ ಮೇಲೆ ಎರಡು ದಪ್ಪ ಜಾಕೆಟ್ಟುಗಳನ್ನು ಹೊತ್ತುಕೊಂಡು ನಿಂತಿದ್ದರು.

"ಬರ್ರಿ," ಎಂದಿತು ಅವಳ ನಾಲಿಗೆ. "ಬರ್ರಿ, ಕೂಡ್ರಿ."

ಮನೆಗೆ ಬಂದವರಿಗೆ ಜೀವಮಾನವೆಲ್ಲ ಅಂದುಕೊಂಡು ಬಂದ ಮಾತು. ಅದು ಅವಳನ್ನು ಕೇಳದೆಯೇ ಹೊರಗೆ ಬಂದುಬಿಟ್ಟಿತ್ತು. ಅವರು ಹೆಂಡತಿಯೊಡನೆ ಒಳಗೆ ಬಂದು ಸೋಫಾದ ಮೇಲೆ ಜಾಕೆಟ್ಟುಗಳನ್ನು ಇಟ್ಟರು. ತಾವು ಸ್ವಿಟ್ಜರ್ಲೆಂಡಿಗೆ ಹೋದಾಗ ತೆಗೆದುಕೊಂಡದ್ದು, ಹೊಸದರಂತೆಯೇ ಇವೆ ಎಂದು ಅವರ ಹೆಂಡತಿ ಹೇಳಿದರು.

"ಅಲ್ಲಿ ಮೇ ತಿಂಗಳಲ್ಲೂ ಗಾಳಿ ತಡೆಯೋಕಾಗಲ್ಲಮ್ಮ," ಎಂದರು ಬಾಲಸುಬ್ರಹ್ಮಣ್ಯ. "ಮಾಧುರಿಗೆ ನಾನು ಕೇಳಿದೆ ಅಂತ ಹೇಳಿ. ಲೆಕ್ಕದಲ್ಲಿ ತುಂಬ ಚುರುಕು ಆ ಹುಡುಗಿ."

ಪ್ರತಿಮಾ ಅಡಿಗೆಮನೆಗೆ ಹೋದಳು. ಈಗ ಹೇಳುತ್ತೇನೆ ಎಂದುಕೊಳ್ಳುತ್ತಲೇ ಹಾಲು ಕಾಸಿದಳು, ಈಗ ಹೇಳುತ್ತೇನೆ ಎನ್ನುತ್ತಲೇ ಕಪ್ಪು ತೊಳೆದಳು. ಸಚ್ಚಿದಾನಂದ ಹೊರಗೆ ಬಂದು ಕೂತು ಡೆನ್ಮಾರ್ಕಿನ ಹವಾಮಾನದ ಮಾತಿಗೆ ಮಾತು ಕೂಡಿಸಿದ. ಅವಳು ಚಹಾ ತಂದುಕೊಟ್ಟಳು. ಸಕ್ಕರೆ ಸಾಕೇ ಎಂದೂ ಕೇಳಿದಳು. ಅವರು ಹೋದ ಮೇಲೆ ಮಲಗುವ ಕೋಣೆಗೆ ಹೋಗಿ ಮಂಚದ ತುದಿಯಲ್ಲಿ ಕೂತಳು. ಅಳು ಬರಲಿಲ್ಲ. ಅಂದು ಬುದ್ಧಿಯಿಲ್ಲದೆ ಆ ಹುಡುಗಿಗೆ ಚಹಾ ಒಯ್ಯಲು ಹೇಳಿಬಿಟ್ಟೆ ಎಂದು ಇಷ್ಟು ವರ್ಷ ತನ್ನನ್ನು ತಾನು ಸಮಾಧಾನ ಮಾಡಿಕೊಂಡಿದ್ದಳು. ಈಗ ಬುದ್ಧಿ ಬಂದಿತ್ತು, ಆದರೂ ಕೈ ಅದೇ ಕೆಲಸ ಮಾಡಿತ್ತು.

ಮರುದಿನ ಬೆಳಿಗ್ಗೆ ಮಗಳಿಗೆ ಬರೆದಳು: ಬರುತ್ತಾರೆ. ನಿನ್ನೆಯೂ ಬಂದಿದ್ದರು. ಬರಬೇಡಿ ಎಂದು ಹೇಳಬೇಕೆಂದು ಬಾಗಿಲಿಗೆ ಹೋದೆ, ನನ್ನ ಕೈಲಿ ಆಗಲಿಲ್ಲ. ಚಹಾ ಕೊಟ್ಟೆ.

ಈ ಸಲ ಉತ್ತರ ತಡವಾಗಲಿಲ್ಲ, ಚಿಕ್ಕದಾಗಿಯೂ ಇರಲಿಲ್ಲ. ನಿಜ ಬರೆದದ್ದಕ್ಕೆ ಥ್ಯಾಂಕ್ಸ್ ಎಂದು ಶುರುವಾಗಿತ್ತು. ವಿಮಾನ ನಿಲ್ದಾಣದಿಂದ ಮೆಟ್ರೋ ಹಿಡಿಯಿರಿ, ಅದೇ ಟಿಕೆಟ್ಟು ಬಸ್ಸಿಗೂ ನಡೆಯುತ್ತದೆ. ಎಲ್ಲ ಕಡೆ ಕಾರ್ಡ್ ಸಾಕು. ರಸ್ತೆ ದಾಟುವಾಗ ಸೈಕಲ್ ದಾರಿಯಲ್ಲಿ ನಿಲ್ಲಬೇಡಿ, ಸೈಕಲ್ಲಿನವರು ನಿಲ್ಲಿಸುವುದಿಲ್ಲ. ದೋಣಿಗೆ ಬೆಳಿಗ್ಗೆ ಹೋದರೆ ನೂಕುನುಗ್ಗಲು ಇರುವುದಿಲ್ಲ. ಅಪ್ಪ ಮೊಟ್ಟೆ ತಿನ್ನುವುದಿಲ್ಲವಾದ್ದರಿಂದ ಬ್ರೆಡ್ಡು, ಕೇಕು ತೆಗೆದುಕೊಳ್ಳುವಾಗ ಕೇಳಿ; ಸಸ್ಯಾಹಾರ ಸಿಗುವ ಹೋಟೆಲುಗಳು ಇವು ಎಂದು ಹೆಸರುಗಳಿದ್ದವು. ಕೊನೆಯಲ್ಲಿ, ಆ ನಾಲ್ಕು ದಿನ ನಾನು ಊರಿನಲ್ಲಿ ಇರುವುದಿಲ್ಲ, ಪ್ರವಾಸ ಚೆನ್ನಾಗಿ ಆಗಲಿ ಎಂದಿತ್ತು. ಅದರ ಕೆಳಗೆ ಆಫೀಸಿನ ಪತ್ರಕ್ಕೆ ಹಾಕುವಂತೆ ಪೂರ್ತಿ ಹೆಸರು.

ಸಚ್ಚಿದಾನಂದ ಅದನ್ನು ಎರಡು ಸಲ ಓದಿದ. ಅವನ ಮುಖ ಅರಳಿದ್ದನ್ನು ಪ್ರತಿಮಾ ಎಷ್ಟೋ ಕಾಲದ ಮೇಲೆ ನೋಡಿದಳು.

"ಎಷ್ಟ ಛಲೋ ಬರದಾಳ ನೋಡು. ನಾ ತತ್ತಿ ತಿನ್ನೂದಿಲ್ಲ ಅಂತ ಇನ್ನೂ ನೆನಪದ ಅಕಿಗೆ."

ಏನೋ ಆಫೀಸಿನ ಕೆಲಸವಿರಬೇಕು, ಒಂದು ದಿನ ಮೊದಲೇ ವಾಪಸ್ ಬಂದರೂ ಬಂದಾಳು ಎಂದ. ಅದರಲ್ಲಿದ್ದ ದಾರಿಯ ವಿವರಗಳನ್ನು ಜಲಾಲನಿಗೂ ಕಳಿಸಿದ, ಕಾರ್ಯಕ್ರಮವನ್ನು ಇದರ ಪ್ರಕಾರವೇ ಮಾಡು ಎಂದ. ಆಫೀಸಿನಲ್ಲಿ, ಕಟ್ಟಡದ ವಾಚ್‌ಮನ್ ಹತ್ತಿರ, ಎಲ್ಲರ ಹತ್ತಿರವೂ, ಮಗಳೇ ಕೂತು ಎಲ್ಲ ಪ್ಲಾನ್ ಮಾಡಿಕೊಟ್ಟಿದ್ದಾಳೆ ಎಂದು ಹೇಳಿಕೊಂಡು ತಿರುಗಾಡಿದ. ಮಗಳು ಎಷ್ಟು ದೂರ ಹೋಗಿದ್ದಾಳೆಂಬುದು ಪ್ರತಿಮಾಗೆ ಆ ಪತ್ರದಿಂದ ತಿಳಿದಷ್ಟು ಈ ವರ್ಷಗಳ ಮೌನದಿಂದ ತಿಳಿದಿರಲಿಲ್ಲ. ಸಿಟ್ಟಿದ್ದರೆ ಬಯ್ಯುತ್ತಿದ್ದಳು. ಇದು ದಾರಿ ಕೇಳಿದ ಪರಸ್ಥಳದವರಿಗೆ ಒಳ್ಳೆಯ ಮನಸ್ಸಿನ ಹುಡುಗಿಯೊಬ್ಬಳು ದಾರಿ ಹೇಳಿಕೊಟ್ಟ ಹಾಗಿತ್ತು.

ವೀಸಾ ಬಂತು. ಪಾಸ್‌ಪೋರ್ಟ್ ಬಂದಿವೆ ಎಂದು ಜಲಾಲ್ ಫೋನ್ ಮಾಡಿದ ದಿನ ಪ್ರತಿಮಾ ಮತ್ತೆ ಆ ಪತ್ರ ತೆಗೆದು ಓದುತ್ತಿದ್ದಳು. ಆ ನಾಲ್ಕು ದಿನ ಊರಿನಲ್ಲಿ ಇರುವುದಿಲ್ಲ ಎಂಬ ಸಾಲು ಆಗ ಅವಳಿಗೆ ಬೇರೆ ಥರ ಕಂಡಿತು. ತಾವು ಬರುತ್ತೇವೆಂದಲ್ಲವೇ ಆ ಹುಡುಗಿ ತನ್ನ ಮನೆಗೆ ಬೀಗ ಹಾಕಿ ಎಲ್ಲಿಗೋ ಹೋಗಿ ಇರಬೇಕಾದದ್ದು. ಎದ್ದವಳೇ ಮುಂದಿನ ಕೋಣೆಗೆ ಬಂದಳು.

"ನಾವು ಹೋಗೂದು ಬ್ಯಾಡ್ರಿ."

ಅವನು ತಮಾಷೆಯೆಂದುಕೊಂಡ. ಆಮೇಲೆ ಅವಳ ಮುಖ ನೋಡಿ, ಎಲ್ಲ ತಯಾರಾದ ಮೇಲೆ ಇದೇನು ಎಂದ.

"ಈ ಮನಿ ಬಿಟ್ಟು ಹೋಗೂ ಹಂಗ ಮಾಡಿದ್ವಿ ಅಕಿನ್ನ. ಈಗ ಆ ಊರೂ ಬಿಡಸೂದೇನು?"

ಅವನಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕುರ್ಚಿಯಲ್ಲಿ ಕುಸಿದ. ಜಗಳಕ್ಕೆ ಬರುತ್ತಾನೆಂದು ಅವಳು ಕಾದಳು. ಅವನು ಕೇಳಿದ್ದು ಒಂದೇ: "ಮಂದಿಗೆ ಏನ ಹೇಳೂದು?"

ಪ್ರತಿಮಾ ಮಗಳಿಗೆ ಬರೆದಳು: ನಾವು ಬರುವುದಿಲ್ಲ. ನೀನು ಊರು ಬಿಟ್ಟು ಹೋಗಬೇಡ. ಜಲಾಲನಿಗೆ ಫೋನ್ ಮಾಡಿ ಎಲ್ಲ ರದ್ದು ಮಾಡು ಎಂದಳು. ವೀಸಾ ಸಿಕ್ಕಿದ ಮೇಲೆ ಯಾರೂ ಹೀಗೆ ಮಾಡುವುದಿಲ್ಲ ಅಕ್ಕ, ಮಗಳಿಗೆ ಹುಷಾರುಂಟಲ್ಲ ಎಂದು ಅವನು ಕಾಳಜಿಯಿಂದ ಕೇಳಿದ. ಹುಷಾರಿದ್ದಾಳೆ, ಈ ಮಾತು ನಿನ್ನಲ್ಲೇ ಇರಲಿ ಎಂದಳು.

ಮಂದಿಗೆ ಏನು ಹೇಳುವುದು ಎಂಬುದನ್ನು ಸಚ್ಚಿದಾನಂದನೇ ಯೋಚಿಸಿ ಬಗೆಹರಿಸಿದ. ಏನೂ ಹೇಳದಿರುವುದೇ ಒಳ್ಳೆಯದು. ಹೊರಡಬೇಕಾದ ದಿನ ಹೊರಡುವುದು, ಬರಬೇಕಾದ ದಿನ ಬರುವುದು. ಪ್ರತಿಮಾಗೆ ಬೇಡವೆನ್ನುವ ಶಕ್ತಿಯೂ ಉಳಿದಿರಲಿಲ್ಲ. ಆ ದಿನ ಬೆಳಿಗ್ಗೆ ವಾಚ್‌ಮನ್ ಸೂಟ್‌ಕೇಸು ಇಳಿಸಿಕೊಟ್ಟ. ಇವ್ಲಿನ್ ಕುಕ್ಕೀಸಿನ ಡಬ್ಬಿ ತಂದು ಕಾರಿನ ಕಿಟಕಿಯಲ್ಲಿ ಕೊಟ್ಟಳು. ಹಿಂದಿನ ಸೀಟಿನ ಮೇಲೆ ಆ ಎರಡು ಜಾಕೆಟ್ಟುಗಳು. ವಿಮಾನ ನಿಲ್ದಾಣದ ಕಡೆಗೆ ತುಸು ದೂರ ಹೋಗಿ, ಕಟ್ಟಡ ಮರೆಯಾದ ಮೇಲೆ ಸಚ್ಚಿದಾನಂದ ಕಾರು ತಿರುಗಿಸಿದ. ಖುರಿಯಾತ್ ದಾಟಿ, ಒಂದು ಕಡೆ ಬೋಳು ಗುಡ್ಡ, ಒಂದು ಕಡೆ ಸಮುದ್ರ ಇರುವ ದಾರಿಯಲ್ಲಿ ಸೂರ್ ಪಟ್ಟಣ ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಬಿಸಿಲು ಸುಡುತ್ತಿತ್ತು.

ಸೂರ್‌ನಲ್ಲಿ ಪರಿಚಯದವರು ಯಾರೂ ಇರಲಿಲ್ಲ. ಅದಕ್ಕೇ ಅವನು ಆ ಊರನ್ನು ಆರಿಸಿದ್ದ. ಆದರೆ ಹೋಟೆಲಿನಲ್ಲಿ ಊಟ ಬಡಿಸಲು ಬಂದ ವಯಸ್ಸಾದ ಮನುಷ್ಯ ಇವರ ಮಾತು ಕೇಳಿ ನಿಂತ. ತನ್ನ ಹೆಸರು ಕೊಗ್ಗ, ಊರು ಕುಂದಾಪುರದ ಹತ್ತಿರ, ನೀವು ಕನ್ನಡದವರಲ್ಲವೇ ಎಂದು ಆಸೆಯಿಂದ ಕೇಳಿದ. ಸಚ್ಚಿದಾನಂದ ಹಿಂದಿಯಲ್ಲಿ, ನಾವು ನಾಗಪುರದವರು ಎಂದ. ಕೊಗ್ಗ ಅನುಮಾನದಿಂದ ಒಮ್ಮೆ ಪ್ರತಿಮಾಳ ಕಡೆ ನೋಡಿ, ಸಾರಿನ ಬಟ್ಟಲಿಟ್ಟು ಹೋದ. ಆಮೇಲೆ ಅವರಿಬ್ಬರೂ ಊಟಕ್ಕೆ ಕೂತಾಗ ಮಾತಾಡುವುದನ್ನೇ ಬಿಟ್ಟರು. ಹಗಲೆಲ್ಲ ಪರದೆ ಎಳೆದ ಕೋಣೆಯಲ್ಲಿ ಎ.ಸಿ.ಯ ಸದ್ದು ಕೇಳುತ್ತ ಮಲಗುತ್ತಿದ್ದರು. ಬಿಸಿಲು ಇಳಿದ ಮೇಲೆ ಸಮುದ್ರದ ದಂಡೆಗೆ ಹೋಗಿ ಕಲ್ಲು ಬೆಂಚಿನ ಮೇಲೆ ಕೂಡುತ್ತಿದ್ದರು.

ಮೂರನೆಯ ಸಂಜೆ ಸಚ್ಚಿದಾನಂದ, ಮಂದಿ ಫೋಟೋ ತೋರಿಸು ಎಂದು ಕೇಳಿದರೆ ಏನು ಹೇಳುವುದೆಂದು ಚಿಂತೆ ಮಾಡುತ್ತಿದ್ದ. ದೋಣಿಯಿಂದ ಫೋನು ನೀರಿಗೆ ಬಿತ್ತು ಎನ್ನಬಹುದು ಎಂದ. ನೀರು ಇಳಿದು ಕೆಸರಿನಲ್ಲಿ ಹಳೆಯ ದೋಣಿಗಳು ವಾಲಿ ನಿಂತಿದ್ದವು. ಆಮೇಲೆ ಅವನು ಸಮುದ್ರವನ್ನೇ ನೋಡುತ್ತ ಹೇಳಿದ:

"ಅವತ್ತ ನಾ ಅವನ ಮನಿಗೆ ಹೋಗಿ ಅಂವನ್ನ ಹೊಡೀಬೇಕಿತ್ತು."

ಈ ಮಾತಿಗಾಗಿ ಅವಳು ಎಷ್ಟು ವರ್ಷ ಕಾದಿದ್ದಳೋ. ಈಗ ಅದು ಬಂದಾಗ ಎದೆಯಲ್ಲಿ ಏನೂ ಕದಲಲಿಲ್ಲ.

"ಹೌದು," ಎಂದಳು.

ಅವನ ಭುಜ ಅಲುಗಿತು. ಅಳುತ್ತಿದ್ದಾನೆಂದು ತಿಳಿಯಿತು, ಆದರೂ ಅವಳು ಕೈ ಚಾಚಲಿಲ್ಲ. ಅವನನ್ನು ಸಮಾಧಾನ ಮಾಡಿದರೆ ಎಲ್ಲವೂ ಮತ್ತೆ ಸರಿಹೋದ ಹಾಗೆ ಆಗುತ್ತದೆ ಎಂಬ ಭಯ. ಸ್ವಲ್ಪ ಹೊತ್ತಾದ ಮೇಲೆ ಅವನು ಕರವಸ್ತ್ರದಿಂದ ಮುಖ ಒರೆಸಿಕೊಂಡು, ಮಾಧುರಿ ಏನಾದರೂ ಬರೆದಳೇ ಎಂದು ಕೇಳಿದ. ಇಲ್ಲ ಎಂದಳು. ಬರುವುದಿಲ್ಲ ಎಂದು ಬರೆದದ್ದಕ್ಕೆ ಉತ್ತರವೇ ಬಂದಿರಲಿಲ್ಲ. ಅದನ್ನು ಓದಿ ಮಗಳು ತನ್ನ ಮನೆಯಲ್ಲೇ ಉಳಿದಿದ್ದಳೋ, ಓದುವುದಕ್ಕೆ ಮೊದಲೇ ಟಿಕೆಟ್ ತೆಗೆದು ಎಲ್ಲಿಗಾದರೂ ಹೋಗಿಬಿಟ್ಟಿದ್ದಳೋ ಪ್ರತಿಮಾಗೆ ಗೊತ್ತಿರಲಿಲ್ಲ. ಕೇಳಬಹುದಾಗಿತ್ತು. ಆದರೆ ಇನ್ನೊಂದು ಮೇಲ್ ಬರೆದರೆ ಅದಕ್ಕೂ ಆ ಹುಡುಗಿ ಸೌಜನ್ಯದಿಂದ ಉತ್ತರ ಬರೆಯುತ್ತಾಳೆ. ಅದನ್ನು ಓದುವ ಧೈರ್ಯ ಅವಳಿಗಿರಲಿಲ್ಲ.

ಕತ್ತಲಾಗುತ್ತ ಬಂದಾಗ ಅವನು, ನಾಳೆ ಸಂಜೆಗಿಂತ ಮೊದಲು ಮಸ್ಕತ್ತಿಗೆ ಹೋಗುವ ಹಾಗಿಲ್ಲ ಎಂದು ನೆನಪಿಸಿದ. ಆಗಲಿ ಎಂದು ಅವಳು ಎದ್ದು, ಸೀರೆಗೆ ಅಂಟಿದ್ದ ಮರಳು ಕೊಡವಿಕೊಂಡು ಹೋಟೆಲಿನ ಕಡೆಗೆ ನಡೆದಳು.